ಏಳು ಸೊನ್ನೆ

ಅಪ್ಪಾ,

ಅಥಣಿಯಿಂದ ನಿನ್ನ ಉಜ್ವಲಾ. ತಪ್ಪಾಯಿತು ಎನ್ನಲು ಫೋನಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಮಗು ಮಲಗಿದ್ದಾನೆ. ಎದ್ದರೆ ಇದು ಅರ್ಧಕ್ಕೇ ನಿಂತೀತು.

ನಿಪ್ಪಾಣಿಯ ಸಂಜೆಗಳು ನೆನಪಾಗುತ್ತವೆ. ತಂಬಾಕಿನ ವಖಾರಿಯಲ್ಲಿ ಕೆಲಸ ಮುಗಿಸಿ ಬಂದವನೇ ನನ್ನನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದೆ. ಅಂಗಿಯಲ್ಲಿ ತಂಬಾಕಿನ ಘಾಟು, ಬೀಡಿಯ ಹೊಗೆ. ಅದೇ ಅಪ್ಪನ ವಾಸನೆ ಎಂದುಕೊಂಡು ಬೆಳೆದೆ. ಹಾಸ್ಟೆಲ್ಲಿನಲ್ಲಿದ್ದಾಗ ಬೀದಿಯಲ್ಲಿ ಯಾರೋ ಬೀಡಿ ಹಚ್ಚಿದರೆ ಕಿಟಕಿಗೆ ಓಡುತ್ತಿದ್ದೆ. ಅದೇ ವಾಸನೆಯನ್ನು ಬಾಗಿಲಲ್ಲಿ ತಡೆಯುವ ಹಾಗಾಯಿತು. ಮಗುವಿನ ಎದೆ ಗೊರಗೊರ ಎನ್ನುತ್ತದೆ, ಬೀಡಿ ಸೇದುವವರು ಹತ್ತಿರ ಬರಬಾರದು ಎಂದರು ಡಾಕ್ಟರು. ನಿನ್ನ ಮೊಬೈಲಿಗೆ ಬೀಡಿ ಬಿಡಿಸುವ ಆ್ಯಪ್ ಹಾಕಿಕೊಟ್ಟೆ. ದಿನಾ ಎಷ್ಟು ಸೇದಿದೆಯೆಂದು ಒತ್ತು, ನನಗೂ ಇಲ್ಲಿ ಕಾಣುತ್ತದೆ, ಏಳು ದಿನ ಸೊನ್ನೆ ಬಂದರೆ ಮೊಮ್ಮಗ ನಿನ್ನ ಕೈಗೆ ಎಂದೆ.

ಮೊದಲು ಒಂದು, ಒಂದು ಎಂದೇ ಬಂತು. ಆಮೇಲೆ ಸಾಲಾಗಿ ಸೊನ್ನೆ. ಆ್ಯಪ್ ಹೂ ಸುರಿಸಿ ಶಭಾಷ್ ಎಂದಿತು. ಎಂಟನೆಯ ದಿನ ನೀನೇ ಬಂದೆ. "ಏಳ ಸೊನ್ನಿ ಅದಾವು ನೋಡ. ಕೊಡ ಇತ್ಲಾಗ ನಮ್ಮ ಕೂಸಿನ್ನ," ಎಂದು ಕೈ ಚಾಚಿದೆ. ಅಂಗಿಯಲ್ಲಿ ಅದೇ ಹೊಗೆ! "ಮೊಬೈಲಿಗೂ ಸುಳ್ಳ ಹೇಳ್ತಿ ಏನ ಅಪ್ಪಾ?" ಎಂದುಬಿಟ್ಟೆ, ನಮ್ಮತ್ತೆಯ ಎದುರಿಗೇ. ಚಹಾ ಸಹ ಕುಡಿಯದೆ ಬಸ್ ಹಿಡಿದೆ ನೀನು.

ನಿನ್ನೆ ಅವ್ವ ಫೋನಿನಲ್ಲಿ ನಗುತ್ತಲೇ ಬೈದಳು. "ಹುಚ್ಚಿ, ಮೂವತ್ತ ವರ್ಷಾತು ಬೀಡಿ ಕಟ್ಟಾಕತ್ತೀನಿ. ಇಪ್ಪತ್ತೈದ ಬೀಡಿ ತುಂಬದ್ದನ್ನ ಯಾರರ ಒಂದ ಕಟ್ಟಂತ ಹಿಡೀತಾರೇನ? ನಿಮ್ಮಪ್ಪ ದಿನಾ ಒಂದ ಕಟ್ಟ ಸೇದಾಂವ, ಹತ್ತ ಬೀಡಿಗೆ ಇಳದಾನ. ಕಟ್ಟ ತುಂಬಲಿಲ್ಲ, ಸೊನ್ನಿ ಒತ್ಯಾನ!"

ನಮ್ಮ ಮನೆಯಲ್ಲಿ ಬೀಡಿಯನ್ನು ಒಂದೊಂದಾಗಿ ಎಣಿಸಿದವರು ಯಾರು ಅಪ್ಪಾ? ಅವ್ವನ ಬೀಡಿ ಮೊರದ ಪಕ್ಕದಲ್ಲೇ ಅಕ್ಷರ ಕಲಿತ ನನಗೇ ಹೊಳೆಯಲಿಲ್ಲ. ದಿನಕ್ಕೆ ಹದಿನೈದು ಬೀಡಿ ಬಿಟ್ಟವನನ್ನು ಸುಳ್ಳುಗಾರ ಎಂದೆ.

ಈ ಬೆಳಿಗ್ಗೆ ನಿನ್ನ ಲೆಕ್ಕ ನೋಡಿದೆ. ಒಂಬತ್ತು. ಕಟ್ಟು ಬಿಟ್ಟು ಒಂದೊಂದೇ ಬೀಡಿ ಎಣಿಸಿ ಒತ್ತು ಎಂದು ಅವ್ವ ಹೇಳಿಕೊಟ್ಟಿರಬೇಕು. ವಿಪರೀತ ಹೆಚ್ಚಾಗಿದೆ ಎಂದು ಆ್ಯಪ್ ಕೆಂಪಗಾಗಿ ಕೂತಿತ್ತು, ನಾನು ಮಾತ್ರ ಆ ಅಂಕಿಯನ್ನು ನೋಡುತ್ತ ಕಣ್ಣು ಒರೆಸಿಕೊಂಡೆ. ನಾನು ಅಷ್ಟು ಅಂದ ಮೇಲೂ ನೀನು ಬಿಡುವುದನ್ನು ಬಿಡಲಿಲ್ಲವಲ್ಲ.

ಭಾನುವಾರ ಬಾ. ಅವತ್ತು ಬೆಳಗಿನಿಂದ ಒಂದೂ ಹಚ್ಚಬೇಡ. ಬಂದವನೇ ಬಚ್ಚಲಿಗೆ ಹೋಗಿ ಸ್ನಾನ ಮಾಡು, ಇವರ ಒಗೆದ ಅಂಗಿ ತೆಗೆದಿಟ್ಟಿರುತ್ತೇನೆ. ಆಮೇಲೆ ಕೂಸನ್ನು ನಿನ್ನ ತೊಡೆಗೆ ಹಾಕಿ ನಾನು ಒಳಗೆ ಹೋಗಿ ಮಲಗುತ್ತೇನೆ. ಹೆತ್ತ ಮೇಲೆ ಕಣ್ಣು ತುಂಬ ನಿದ್ದೆ ಮಾಡಿಲ್ಲ ಅಪ್ಪಾ, ಬೇರೆ ಯಾರ ಕೈಗೆ ಕೊಟ್ಟರೂ ನಂಬಿಕೆ ಬರುವುದಿಲ್ಲ.

ನಿನ್ನ ಉಸಿರು ನೂರು ವರ್ಷ ಹಗುರವಾಗಿ ಆಡಲಿ.

ಬೈಸಿಕೊಳ್ಳಲು ಕಾದಿರುವ ಮಗಳು,
ಉಜ್ವಲಾ