ಇಬ್ಬರು ಆಡುತ್ತಿದ್ದರು

ಜೂನ್ ೧೪, ಮಂಗಳವಾರ

ನನ್ನ ಹೆಂಡತಿಗೆ ಇಷ್ಟು ಧೈರ್ಯವಿದೆ ಎಂದು ಮದುವೆಯಾಗಿ ಮೂರು ವಾರವಾದರೂ ನನಗೆ ಗೊತ್ತಿರಲಿಲ್ಲ! ಅವಳ ಕಂಪನಿಯ ಆನ್‌ಲೈನ್ ಗೇಮಿನ ಸರ್ವರ್‌ಗಳಿಗೆಲ್ಲ ಇವತ್ತು ಮೊದಲ ಸಲ ಅವಳೊಬ್ಬಳೇ ಮನೆಯಿಂದಲೇ ಅಪ್‌ಡೇಟ್ ಹಾಕಬೇಕಿತ್ತು, ಅದೂ ಮಧ್ಯಾಹ್ನ ಒಂದರೊಳಗೆ. ಹೊಸದಾಗಿ ಆಡಲು ಬಂದವರನ್ನೆಲ್ಲ ಅಪ್‌ಡೇಟ್ ಆದ ಸರ್ವರ್‌ಗೆ ಕಳಿಸುತ್ತಾ, ಹಳೆಯವು ಖಾಲಿಯಾದ ಹಾಗೆ ಒಂದೊಂದನ್ನೇ ನಿಲ್ಲಿಸುತ್ತಾ ಬಂದಳು. ಎಷ್ಟು ಚೆಂದದ ಕೆಲಸ! ಕೊನೆಯದರಲ್ಲಿ ಇಬ್ಬರು ಉಳಿದರು. ಅವರ ಆಟ ಮುಗಿಯುವ ಲಕ್ಷಣವೇ ಇಲ್ಲ. ಗಂಟೆ ಒಂದಾಯಿತು. ಮ್ಯಾನೇಜರ್ ಫೋನಿನಲ್ಲಿ ಕೂಗಾಡಿದರು.

"ಇಬ್ರೇ ತಾನೆ? ಆಫ್ ಮಾಡಿ ಊಟಕ್ಕೆ ಬಾರಮ್ಮ," ಎಂದಳು ಅಮ್ಮ.

"ಗೆಲ್ಲೋ ಹೊತ್ತಲ್ಲಿ ಎಬ್ಬಿಸಿ ಕಳಿಸಿದ್ರೆ ಹೊಟ್ಟೆ ಉರಿಯಲ್ವಾ ಅತ್ತೆ?"

"ನಿಂಗೆ ಬೈತಾರಲ್ಲೇ!"

"ಬೈಲಿ ಬಿಡಿ. ಅದಕ್ಕೆಲ್ಲ ಸರ್ವರ್ ಕೆಡಲ್ಲ."

ಒಂದೂ ಇಪ್ಪತ್ತಕ್ಕೆ ಆ ಆಟ ಮುಗಿಯಿತು, ಇವಳು ಹಳೆಯದನ್ನು ನಿಲ್ಲಿಸಿದಳು. ಮರುಕ್ಷಣವೇ ಆ ಇಬ್ಬರೂ ಹೊಸ ಸರ್ವರ್‌ನಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಆಡತೊಡಗಿದರು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ತಡವಾದದ್ದೇಕೆ ಎಂದು ಮ್ಯಾನೇಜರ್ ಬರೆದು ಕೊಡಲು ಹೇಳಿದರು. ನಾನಾಗಿದ್ದರೆ ಎರಡು ಪುಟ ಕ್ಷಮೆ ಕೇಳುತ್ತಿದ್ದೆ. ಅವಳು ಬರೆದದ್ದು ಒಂದೇ ಸಾಲು: "ಇಬ್ಬರು ಆಡುತ್ತಿದ್ದರು." ನಿದ್ದೆಗೆ ಕಣ್ಣು ಎಳೆಯುತ್ತಿದೆ, ಆದರೂ ಆ ಸಾಲನ್ನು ಇನ್ನೊಮ್ಮೆ ಬರೆ…