ಅರ್ಧ ಚುಕ್ಕೆಯ ನಟ್ಟು

ಮಾರ್ಚ್ 11, ಬುಧವಾರ
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟಾಗ ಪೆನ್ನು ಒಂದು ಗಳಿಗೆ ನಿಂತಿತು. ಬರೆದದ್ದಾಯಿತು, ಹಾಗೇ ಇರಲಿ. ನಿನ್ನ ಎರಡು ಕಾಗದಕ್ಕೂ ಉತ್ತರ ಕೊಡದೆ ಒಂದೂವರೆ ತಿಂಗಳಾಯಿತು. "ಟ್ರ್ಯಾಕ್ಟರ್ ರಿಪೇರಿಗೆ ಕೊಟ್ಟು ತಂಗೀನೂ ಕಳ್ಕೊಂಡೆ" ಎಂದು ಭಾವನ ಹತ್ತಿರ ಬೈದುಕೊಂಡೆಯಂತೆ. ಬೈದದ್ದು ನ್ಯಾಯವೇ. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಎರಡೇ ಕೋಣೆ, ಕೆಳಗೆ ಗ್ಯಾರೇಜು. ಎಲ್ಲಿ ನಿಂತು ಪಿಸುಗುಟ್ಟಿದರೂ ಇವರ ಕಿವಿಗೆ ಬೀಳುತ್ತದೆ. ಈಗ ಊಟ ಮಾಡಿ ಮಲಗಿದ್ದಾರೆ, ಅದಕ್ಕೇ ಕಾಗದ ಹಿಡಿದು ಕೂತೆ.

ಭಾನುವಾರ ಬಂದು ಗಾಡಿ ಓಡಿಸಿಕೊಂಡು ಹೋಗುತ್ತೇನೆ, ಮೊಮ್ಮಕ್ಕಳು ಈಗಲೇ ಕುಣಿಯುತ್ತಿದ್ದಾರೆ ಎಂದು ಬರೆದಿದ್ದೀಯ. ಎರಡು ಮಡ್‌ಗಾರ್ಡಿನ ಮೇಲೆ ಇಬ್ಬರು ಹುಡುಗಿಯರು, ನಡುವೆ ಸೆರಗು ಸಿಕ್ಕಿಸಿಕೊಂಡು ಸ್ಟಿಯರಿಂಗ್ ಹಿಡಿದ ನೀನು, ಕೆಳಗೆ ಕಲ್ಲುಕ್ವಾರಿಯ ಇಳಿಜಾರು. ಎಂಟು ದಿನದಿಂದ ಕಣ್ಣು ಮುಚ್ಚಿದರೂ ತೆರೆದರೂ ಇದೇ ಕಾಣುತ್ತದೆ. ಅಕ್ಕಾ, ನನಗೆ ಹೆದರಿಕೆಯಾಗಿದೆ. ಯಾಕೆಂದು ಹೇಳುತ್ತೇನೆ. ಮೊದಲು ಎಂಜಿನ್ನಿನ ಸಮಾಚಾರ ಮುಗಿಸಿಬಿಡುತ್ತೇನೆ, ಅದು ಸುಲಭ.

ನಿನ್ನ ಎಂಜಿನ್ನನ್ನು ಪೂರ್ತಿ ಬಿಚ್ಚಿದ್ದಾಯಿತು. ಪಿಸ್ಟನ್ನು ಓಡಾಡುವ ಮೂರು ಲೈನರೂ ಸವೆದಿದ್ದವು, ಉಂಗುರಗಳು ಪಿಸ್ಟನ್ನಿಗೇ ಅಂಟಿಕೊಂಡಿದ್ದವು. ಕ್ರ್ಯಾಂಕನ್ನು ಲೇತಿಗೆ ಕೊಟ್ಟು ಉಜ್ಜಿಸಿದೆವು. ಆಮೇಲೆ ಸಾಮಾನು ಆರಿಸುವ ಕೆಲಸ. ಒಂದು ವರ್ಷದಿಂದ ಈ ಅಂಗಡಿ ಕೆಲಸಕ್ಕೆ ಇವರ ಜೊತೆ ನಾನೂ ಹೋಗುತ್ತೇನೆ. ಟ್ಯಾಂಕರ್ ಮಾಲೀಕರ ಕಥೆ ನಿನಗೆ ಗೊತ್ತಲ್ಲ. ಇವರು ಕಟ್ಟಿಕೊಟ್ಟ ಎಂಜಿನ್ನು ಹನ್ನೊಂದನೇ ದಿನಕ್ಕೆ ಬಡಿದುಕೊಳ್ಳಲು ಶುರುಮಾಡಿ, ಬೇರಿಂಗು ಕರಗಿ, ಗಾಡಿ ಎಳೆಸಿಕೊಂಡು ಬಂದಿತ್ತು. ಬೇರಿಂಗು ನಕಲಿ ಎಂದು ಊರಿಗೆಲ್ಲ ಗೊತ್ತಾಯಿತು. ಇಪ್ಪತ್ತೇಳು ವರ್ಷದಲ್ಲಿ ಇವರ ಕೈಯಿಂದ ಹೋಗಿ ವಾಪಸು ಬಂದ ಎಂಜಿನ್ನು ಅದೊಂದೇ.

ಆ ಬೇರಿಂಗು ಮಾರಿದ್ದು ಬಿಡಿಭಾಗದ ಅಂಗಡಿಯ ಜೋಡಿ ಕನ್ನಡಕದವರು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ, ಹುಡುಕುವುದು ಮಾತ್ರ ಮೂರನೆಯದನ್ನು ಎಂದು ಮೊದಲು ನಾವು ನಗುತ್ತಿದ್ದೆವು. ಈಗ ಅವರ ಹತ್ತಿರ ನಗುವ ಮುಖ ನನಗಿಲ್ಲ. ಅಂಗಡಿಯಲ್ಲಿ ಮೊದಲಿನ ಜನವೂ ಇಲ್ಲ. ನಾನು ಬೇರಿಂಗಿನ ಶೆಲ್ಲುಗಳನ್ನು ಪೆಟ್ಟಿಗೆಯಿಂದ ತೆಗೆದು, ಬೆನ್ನ ಮೇಲಿನ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಅಸಲಿಯಲ್ಲಿ ಅಂಕಿಯ ಅಂಚು ಚೂಪಾಗಿರುತ್ತದೆ, ನಕಲಿಯಲ್ಲಿ ಶಾಯಿ ಹಬ್ಬಿದಂತೆ ಇರುತ್ತದೆ. ಪಿಸ್ಟನ್ನುಗಳನ್ನು ತೂಗಲು ಅಡುಗೆಮನೆಯ ತಕ್ಕಡಿಯನ್ನೇ ಚೀಲದಲ್ಲಿ ಒಯ್ದಿದ್ದೆ. ಮೂರರಲ್ಲಿ ಒಂದು ಒಂಬತ್ತು ಗ್ರಾಂ ಹೆಚ್ಚಿತ್ತು. ಸೆಟ್ಟನ್ನೇ ವಾಪಸು ಮಾಡಿದೆ.

"ಚಿನ್ನ ತಗೊಳ್ಳೋರೂ ಇಷ್ಟು ಉಜ್ಜಿ ನೋಡಲ್ಲಮ್ಮ," ಎಂದರು ಜೋಡಿ ಕನ್ನಡಕದವರು.

"ಚಿನ್ನ ಕೆಟ್ಟರೆ ಯಾರ ಕಾಲೂ ಮುರಿಯಲ್ಲ," ಎಂದೆ.

ಅವರು ಇನ್ನೊಂದು ಸೆಟ್ಟು ತಂದು, ಸೀಲಿರುವ ಬದಿಯನ್ನು ನನ್ನ ಕಡೆ ತಿರುಗಿಸಿ, ಒಂದೊಂದೇ ಪೆಟ್ಟಿಗೆ ಇಟ್ಟರು. "ನೋಡ್ಕೊಳ್ಳಿ. ಆಮೇಲೆ ಮತ್ತೆ ನನ್ನ ಮೇಲೆ ಮಾತು ಬರೋದು ಬೇಡ," ಎಂದರು. ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೆಲ್ಲಗೆ ಹೇಳಿದರು.

ಅಷ್ಟರಲ್ಲಿ ಇವರು, "ಬೇರಿಂಗು ಸ್ಟ್ಯಾಂಡರ್ಡ್ ಸೈಜು ಕೊಡಿ," ಎಂದರು.

ಕ್ರ್ಯಾಂಕು ಉಜ್ಜಿಸಿ ತೆಳ್ಳಗಾಗಿದೆ. ಸ್ಟ್ಯಾಂಡರ್ಡ್ ಹಾಕಿದರೆ ತೊಳತೊಳ ಆಡುತ್ತದೆ. ಮಗ್ಗಿಯಂತೆ ಬಾಯಿಪಾಠವಾದ ವಿಷಯ ಇವರಿಗೆ. ಲೇತಿನವನ ಹತ್ತಿರ ನಿಂತು ಉಜ್ಜಿಸಿದವರೂ ಇವರೇ, ಹಿಂದಿನ ದಿನವಷ್ಟೇ. ನಾನು ಮೊಣಕೈಯಿಂದ ತಿವಿದೆ. ಇವರು ನನ್ನ ಮುಖ ನೋಡಿದರು. ಅಕ್ಕಾ, ಆ ಅರೆಗಳಿಗೆ ಅವರ ಕಣ್ಣಿನಲ್ಲಿ ಯಾರೂ ಇರಲಿಲ್ಲ, ಬೀಗ ಹಾಕಿದ ಮನೆಯ ಕಿಟಕಿ ನೋಡಿದ ಹಾಗಿತ್ತು. ಆಮೇಲೆ ನಕ್ಕರು. "ನಿಮ್ಮನ್ನ ಪರೀಕ್ಷೆ ಮಾಡ್ದೆ ಕಣ್ರೀ. ಅಂಡರ್‌ಸೈಜೇ ಕೊಡಿ, ಈ ಪಂಡಿತೆ ಬಿಡ್ಬೇಕಲ್ಲ!"

ಅಂಗಡಿಯವರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನೋಡಿದರೆ ಉಂಗುರದ ಸೆಟ್ಟು ಎರಡಾಗಿದ್ದವು. ಒಂದನ್ನು ಹಿಂದಿನ ವಾರವೇ ತಂದು ಹಾಸಿಗೆಯ ಕೆಳಗೆ ಇಟ್ಟಿದ್ದರು.

ಈಗ ಯಾರಿಗೂ ಹೇಳದ ಮಾತು ಹೇಳುತ್ತೇನೆ. ಇವರಿಗೆ ಮರೆವು ಬಂದಿದೆ. ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಓಡ್ತಾ ಇರೋ ಎಂಜಿನ್ನನ್ನ ಯಾರಾದ್ರೂ ಬಿಚ್ತಾರೇನೆ? ಬಿಚ್ಚಿದ್ರೆ ಇನ್ನೊಂದು ಹತ್ತು ರೋಗ ಕಾಣ್ಸುತ್ತೆ," ಎನ್ನುತ್ತಾರೆ. ಕೈ ಮಾತ್ರ ಮರೆತಿಲ್ಲ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಅದನ್ನು ನೋಡುತ್ತ ನಾನು ಧೈರ್ಯ ತಂದುಕೊಳ್ಳುತ್ತಿದ್ದೆ. ಉಂಗುರವನ್ನು ಲೈನರಿಗೆ ಇಳಿಸಿ, ಸಂದಿಗೆ ಗೇಜಿನ ತೆಳ್ಳನೆಯ ಎಲೆ ತೂರಿಸಿ, ಕಣ್ಣು ಮುಚ್ಚಿಕೊಂಡೇ ಅಳತೆ ಹೇಳಿದರು. ತಪ್ಪಿರಲಿಲ್ಲ.

ಇವರ ಚುಕ್ಕೆಯ ವಿಷಯ ನೆನಪಿದೆಯಲ್ಲ? ಮದುವೆಯ ಹೊಸತರಲ್ಲಿ ನನ್ನ ಕೆಂಪು ಉಗುರುಬಣ್ಣದ ಸೀಸೆ ಮಾಯವಾಗಿ, ನಾನು ಅತ್ತು ರಂಪ ಮಾಡಿ, ಕೊನೆಗೆ ಅದು ಗ್ಯಾರೇಜಿನಲ್ಲಿ ಸಿಕ್ಕಿತ್ತು. ನಟ್ಟನ್ನು ಅಳತೆಯ ಪಾನಾದಿಂದ ಬಿಗಿಯುತ್ತಾರೆ, ಸರಿಯಾದ ಬಿಗಿ ಬಂದಾಗ ಪಾನಾ 'ಟಕ್' ಎನ್ನುತ್ತದೆ, ಆಗ ಒಂದು ಕೆಂಪು ಚುಕ್ಕೆ ಇಡುತ್ತಾರೆ. ಚುಕ್ಕೆಯ ಅರ್ಧ ನಟ್ಟಿನ ಮೇಲೆ, ಅರ್ಧ ಬೋಲ್ಟಿನ ಮೇಲೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಚುಕ್ಕೆ ಒಡೆದು ಗೊತ್ತಾಗಲಿ ಎಂದು. ಟಕ್ ಅನ್ನದೆ ಚುಕ್ಕೆ ಇಲ್ಲ. ಈ ಮನೆಯಲ್ಲಿ ಆಣೆ ಪ್ರಮಾಣ ಅಂತ ಏನಾದರೂ ಇದ್ದರೆ ಅದೇ. ಅಂದಿನಿಂದ ನನ್ನ ಉಗುರಿಗೆ ಬಣ್ಣ ದಕ್ಕಿಲ್ಲ ಎನ್ನುವುದು ಬೇರೆ ಮಾತು.

ಹೋದ ಮಂಗಳವಾರ ಮಧ್ಯಾಹ್ನ ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಹಿಡಿದಿಡುವ ರಾಡುಗಳನ್ನು ಕಟ್ಟುತ್ತಿದ್ದರು. ಮೂರು ರಾಡು, ಆರು ನಟ್ಟು. ನಾನು ಮೆಟ್ಟಿಲ ಮೇಲೆ ಕವಿತೆಯ ಪುಸ್ತಕ ಹಿಡಿದು ಕೂತಿದ್ದೆ. ಛಂದಸ್ಸು ಓದಿದವಳ ಕಿವಿಗೆ ಎಣಿಸುವುದು ಚಟ, ಮಳೆಹನಿಯನ್ನೂ ಬಿಡುವುದಿಲ್ಲ. ಟಕ್, ಟಕ್. ರಾಡು ಒಂದು. ಟಕ್, ಟಕ್. ರಾಡು ಎರಡು. ಟಕ್. ಮುಂದಿನದಕ್ಕೆ ಕಾದೆ. ಬೀದಿಯಲ್ಲಿ ಒಂದು ಲಾರಿ ಹಾರ್ನು ಹೊಡೆಯುತ್ತ ಹಿಂದಕ್ಕೆ ಸರಿಯುತ್ತಿತ್ತು. ಅದು ನಿಂತ ಮೇಲೆ ಉಗುರುಬಣ್ಣದ ವಾಸನೆ ಮೇಲಕ್ಕೆ ಬಂತು.

ಕೆಳಗಿಳಿದು ಟಾರ್ಚು ಹಿಡಿದೆ. ಆರು ಚುಕ್ಕೆ. ಆರೂ ಹಸಿ.

"ಎಲ್ಲಾ ಬಿಗಿಯಾಯ್ತೇನ್ರೀ?"

"ಚುಕ್ಕೆ ಕಾಣ್ಸಲ್ವೇನೆ? ಕಣ್ಣು ಹೋಗಿರೋದು ನಿಂಗೋ ನಂಗೋ?"

ಆರನೇ ಟಕ್ ಲಾರಿಯ ಸದ್ದಿನಲ್ಲಿ ಮುಳುಗಿರಬಹುದು. ಅಥವಾ ಆಗೇ ಇಲ್ಲದಿರಬಹುದು. "ಇನ್ನೊಂದು ಸಲ ಪಾನಾ ಹಾಕಿ" ಎಂಬ ನಾಲ್ಕು ಪದ ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತವು. ಹಾಗೆ ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಇವರ ಬಳಿ ಉಳಿದಿರುವ ಒಂದೇ ಒಂದು ಭರವಸೆಯನ್ನು ನಾನೇ ಕಿತ್ತುಕೊಂಡಂತೆ. ಸಂಜೆಯ ಹೊತ್ತಿಗೆ ತಳದ ಆಯಿಲ್ ಚೇಂಬರ್ ಮುಚ್ಚಿ, ಎಣ್ಣೆ ಸುರಿದದ್ದೂ ಆಯಿತು. ಚುಕ್ಕೆಗಳು ಒಳಗೆ ಹೋದವು.

ಒಂದು ನಟ್ಟು ಸಡಿಲವಿದ್ದರೆ ಏನಾಗುತ್ತದೆ ಎಂದು ಇವರೇ ಎಷ್ಟೋ ಸಲ ಹೇಳಿದ್ದಾರೆ. ಒಂದು ದಿನ ಏನೂ ಆಗುವುದಿಲ್ಲ. ಹತ್ತು ದಿನವೂ ಆಗದಿರಬಹುದು. ಆಮೇಲೆ ರಾಡು ಬಿಟ್ಟುಕೊಂಡು ಎಂಜಿನ್ನಿನ ಗೋಡೆ ಒಡೆದು ಹೊರಗೆ ಬರುತ್ತದೆ, ಓಡಿಸುವವರ ಕಾಲ ಬುಡದಲ್ಲೇ. ಮಡ್‌ಗಾರ್ಡು ಅಲ್ಲಿಂದ ಎಷ್ಟು ದೂರ ಅಕ್ಕಾ? ನಿನ್ನೆ ನಾನು ಗೇಣು ಹಾಕಿ ಅಳೆದೆ.

ಈ ಸಲ ಎಲ್ಲ ಸಾಮಾನೂ ಅಸಲಿ. ಒಂದೊಂದನ್ನೂ ನಾನೇ ಮುಟ್ಟಿ, ತೂಗಿ, ಓದಿ ಆರಿಸಿದ್ದೇನೆ. ಅದರಿಂದ ನೆಮ್ಮದಿ ಬರಬೇಕಿತ್ತು. ಬದಲಿಗೆ ಹೆದರಿಕೆಯೇ ಹೆಚ್ಚಿದೆ. ಇನ್ನು ತಪ್ಪಾದರೆ ದೂರಲು ಯಾರೂ ಉಳಿದಿಲ್ಲ.

ಭಾನುವಾರ ಬರಬೇಡ ಎಂದು ಹೇಳಲು ಕಾರಣ ಹುಡುಕುತ್ತಿದ್ದೇನೆ. ಚೇಂಬರಿನ ಗ್ಯಾಸ್ಕೆಟ್ಟು ಸೋರುತ್ತಿದೆ ಎಂದು ಸುಳ್ಳು ಹೇಳಿ ಇವರಿಂದಲೇ ಬಿಚ್ಚಿಸಲೇ? ಆ ಗ್ಯಾಸ್ಕೆಟ್ಟೂ ಜೋಡಿ ಕನ್ನಡಕದವರದೇ. ನಿನಗೆ ಏನಾದರೂ ತೋಚಿದರೆ ಹೇಳು. ಫೋನು ಮಾಡಿದರೆ ಹವಾಮಾನದ ಮಾತು ಮಾತ್ರ ಆಡು.

ಭಾವನ ಮಂಡಿನೋವು ಕಡಿಮೆಯಾಗಲಿ. ಹುಡುಗಿಯರಿಬ್ಬರೂ ನೂರು ವರ್ಷ ಬಾಳಲಿ, ಮೈಕೈ ಗಟ್ಟಿಯಾಗಿ ಬಾಳಲಿ. ನೀನು ಕೋಪ ಬಿಡು. ಹಿರಿಯಳ ಆಶೀರ್ವಾದ ಈಗ ನನಗೇ ಹೆಚ್ಚು ಬೇಕಾಗಿದೆ.

ನಿನ್ನ
ತಂಗಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಟ್ಯಾಂಕರ್ ಮಾಲೀಕರ ಎಂಜಿನ್ನಿನ ವಿಷಯದಲ್ಲಿ ನಿನಗೆ ಹೇಳಿದ್ದು ಸುಳ್ಳು. ಊರಿಗೆ ಹೇಳಿದ್ದೂ ಸುಳ್ಳು. ಬೇರಿಂಗು ಅಸಲಿಯೇ ಆಗಿತ್ತು. ಆವತ್ತು ಆಯಿಲ್ ಚೇಂಬರ್ ತೊಳೆದವಳು ನಾನು. ಎಣ್ಣೆಯ ಮಡ್ಡಿಯಲ್ಲಿ ಕೈಗೆ ಒಂದು ನಟ್ಟು ಸಿಕ್ಕಿತು, ತಾನಾಗಿ ಕಳಚಿ ಬಿದ್ದದ್ದು. ಅದರ ಮೇಲೆ ಕೆಂಪು ಚುಕ್ಕೆಯ ಅರ್ಧ ಇತ್ತು. ನಾನು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟು, ಸುಟ್ಟ ಬೇರಿಂಗನ್ನು ಎಲ್ಲರ ಮುಂದೆ ಹಿಡಿದು, "ನಕಲಿ ಮಾಲು, ಇನ್ನೇನಾಗುತ್ತೆ?" ಎಂದೆ. ಎಂ.ಎ. ಓದಿದವಳ ಮಾತು, ಎಲ್ಲರೂ ನಂಬಿದರು. ಇವರೂ ನಂಬಿದರು. ಜೋಡಿ ಕನ್ನಡಕದವರು ದುಡ್ಡು ಕೇಳದೆ ಹೊಸ ಸೆಟ್ಟು ಕೊಟ್ಟು ಕಳಿಸಿದರು.

ಈಗ ಅರ್ಧ ಗಂಟೆಯ ಹಿಂದೆ ಇವರು ಎದ್ದು, ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದು ಸೂಜಿ ಹುಡುಕುತ್ತ ಹೊಲಿಗೆ ಡಬ್ಬಿ ತೆರೆದರು. ನಟ್ಟನ್ನು ತಂದು ಈ ಲಕೋಟೆಯ ಪಕ್ಕದಲ್ಲೇ ಇಟ್ಟರು.

"ಇದು ಯಾವ ಎಂಜಿನ್ದು?"

ಸುಳ್ಳು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಆದರೂ ನಿಜ ಹೇಳಿದೆ. ಎಲ್ಲ ಹೇಳಿದೆ, ಐದು ಟಕ್ಕಿನ ವಿಷಯವನ್ನೂ. ಇವರು ನಟ್ಟನ್ನು ಬೆರಳಿನಲ್ಲಿ ಉರುಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಚುಕ್ಕೆ ನಂದೇ," ಎಂದರು. ಆಮೇಲೆ, "ನಾಳೆ ನಿಮ್ಮಕ್ಕನ ಗಾಡಿ ಚೇಂಬರ್ ಇಳಿಸೋಣ. ನಾನು ಪಾನಾ ಹಿಡೀತೀನಿ, ನೀನು ಪಕ್ಕದಲ್ಲಿ ಕೂತು ಎಣಿಸು. ಚುಕ್ಕೆ ಇನ್ಮೇಲೆ ನಿನ್ನ ಕೈಯಲ್ಲೇ ಇರ್ಲಿ. ಅಂಗಡಿಯವರ ಹತ್ರ ನಾನೇ ಹೋಗಿ ಮಾತಾಡ್ತೀನಿ," ಎಂದರು. ನಾನು ಅತ್ತೆ. ಇವರು ನನ್ನ ತಲೆಯ ಮೇಲೆ ಕೈ ಇಟ್ಟು ಕೆಳಗಿಳಿದು ಹೋದರು. ಹದಿನೈದು ನಿಮಿಷ, ಅಕ್ಕಾ, ಒಂದು ವರ್ಷದ ಭಾರ ಇಳಿದಂತಿತ್ತು.

ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಬಾಗಿಲಲ್ಲಿ ನಿಂತು, ನಗುತ್ತ, ಅಂಗೈ ಬಿಚ್ಚಿ ತೋರಿಸಿದರು.

"ಏನೇ ಪಂಡಿತೆ, ನನ್ನ ಜೇಬಲ್ಲಿ ಒಂದು ನಟ್ಟು ಸಿಕ್ತು ನೋಡು. ಇದು ಯಾವ ಎಂಜಿನ್ದು?"

ಎರಡನೇ ಸಲವೂ ನಿಜವನ್ನೇ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು, ಯಾಕೆಂದರೆ ಅವರ ಮುಖ ಮತ್ತೆ ಮೊದಲಿನಿಂದ ಒಡೆಯುವುದನ್ನು ನೋಡಬೇಕಿತ್ತು. ನಾಳೆ ಬೆಳಿಗ್ಗೆ ಚೇಂಬರ್ ಇಳಿಸುವ ಮುಂಚೆ ಮೂರನೇ ಸಲ ಹೇಳಬೇಕಾಗಬಹುದು. ಅಂಗಡಿಯವರ ಹತ್ತಿರ ಹೋಗಬೇಕಾದವಳು ನಾನೇ ಎಂಬುದೂ ಈಗ ಗೊತ್ತಾಯಿತು. ನಾನು ಬರೆಯುವ ತನಕ ಬರಬೇಡ. ಹುಡುಗಿಯರಿಗೆ ಏನಾದರೂ ಹೇಳು.