ಹದಿನಾಲ್ಕು ಅಡಿಗೆ ಹಾಕಿದ ಲೆಕ್ಕ

ಘೋಡಗೇರಿ
ತಾ. ೭-೨-೨೦೨೫

ಪ್ರೀತಿಯ ಅಪ್ಪಾಜಿಗೆ, ನಿಮ್ಮ ಶೋಭಾಳ ಶರಣು.

ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇಷ್ಟು ತಡ. ಬೇಸರ ಮಾಡಿಕೊಳ್ಳಬೇಡಿ. ಅವ್ವನ ಮೊಣಕಾಲು ನೋವು ಹೇಗಿದೆ? ಫೋನಿನಲ್ಲಿ ಹೇಳೋಣವೆಂದರೆ ಪಡಸಾಲೆಯಲ್ಲಿ ಅತ್ತೆ ಕೂತಿರುತ್ತಾರೆ. ಹೋದ ತಿಂಗಳು ನೀವು ಬಂದಾಗ ಕೇಳಿದ್ದೆಲ್ಲ ಈ ಮನೆಯವರ ಮಾತು. ನನ್ನದನ್ನು ಈಗ ಓದಿ.

ಹೊಸ ಮನೆ ಕಟ್ಟಿಸುವಾಗ ಅಂಗಡಿಯ ಪಿಕಪ್ ಸರಾಗವಾಗಿ ಒಳಗೆ ಹೋಗಲೆಂದು ಗ್ಯಾರೇಜಿಗೆ ಹದಿನಾಲ್ಕು ಅಡಿ ಅಗಲದ ಶಟರ್ ಇಡುವುದಾಯಿತು. ಅದರ ಮೇಲೊಂದು ಕೋಣೆ. ಬಾಗಿಲ ಮೇಲೆ ಒಂಬತ್ತು ಇಂಚು ಆಳದ ಬೀಮ್ ಸಾಕು ಎಂದ ಮಿಸ್ತ್ರಿ ಶಿದ್ರಾಮ. ಚಹಾ ಕೊಡಲು ಹೋದ ನಾನು ಸುಮ್ಮನಿರಲಾರದೆ, ಕಿಟಕಿಗೆ ಸಾಲುವುದು ಇಷ್ಟಗಲಕ್ಕೆ ಸಾಲದು, ಮೇಲಿನ ಗೋಡೆ, ಸ್ಲ್ಯಾಬಿನ ಭಾರಕ್ಕೆ ನಡುವೆ ಜಗ್ಗುತ್ತದೆ ಎಂದೆ. ಅತ್ತೆ ನಕ್ಕು, "ಕಪ್ಪು ಬಸಿ ತಗೊಂಡು ಒಳಗ ನಡಿಯವಾ" ಅಂದರು.

ಅಂದು ಮಧ್ಯಾಹ್ನವೇ ಡಿಪ್ಲೊಮಾದ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಎಂಟು ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ. ಹದಿನೆಂಟು ಇಂಚು ಆಳ, ಕೆಳಗೆ ಹದಿನಾರು ಎಂಎಂ ಸರಳು ಮೂರು, ಎರಡೂ ಬದಿಗೆ ಕಾಲಂ. ಕಾಗದವನ್ನು ನಿಮ್ಮ ಅಳಿಯನ ಕೈಗೆ ಕೊಟ್ಟೆ. ಮರುದಿನ ಅವರು ಅದನ್ನು ತಮ್ಮದೇ ಎಂಬಂತೆ ಶಿದ್ರಾಮನಿಗೆ ಓದಿ ಹೇಳಿದರು. ಸಿಮೆಂಟು, ಕಬ್ಬಿಣ ಮಾರುವವರ ಮಾತು, ಯಾರೂ ಎದುರಾಡಲಿಲ್ಲ. ಬೀಮ್ ಕೂದಲೆಳೆಯಷ್ಟೂ ಬಾಗಲಿಲ್ಲ. ಗೃಹಪ್ರವೇಶಕ್ಕೆ ಬಂದವರೆಲ್ಲ ಅದರ ಕೆಳಗೆ ನಿಂತು ಶ್ರೀಶೈಲ ಅವರ ತಲೆ ಎಂಥದು ಎಂದು ಹೊಗಳಿದರು. ನಾನು ಹುಗ್ಗಿ ಬಡಿಸುತ್ತಿದ್ದೆ. ಇವರು ಒಮ್ಮೆ ನನ್ನ ಕಡೆ ನೋಡಿ ಮುಖ ತಿರುಗಿಸಿದರು. ಗಂಡನ ಮರ್ಯಾದೆ ನನ್ನದೂ ಹೌದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಮಸಗುಪ್ಪಿಯ ದುಂಡಪ್ಪ ಅಂಗಡಿಗೆ ಬಂದು, ಎರಡು ಟ್ರ್ಯಾಕ್ಟರ್ ಜೋಡಿಯಾಗಿ ನುಗ್ಗುವಂಥ ಬಾಗಿಲು ಬೇಕು, ಮೇಲೆ ನೀರಿನ ಟಾಕಿ ಬರುತ್ತದೆ, ಬೀಮಿನ ಅಳತೆ ಕೊಡಿ ಎಂದನಂತೆ. ಆ ಬಾಗಿಲು ಇಪ್ಪತ್ತು ಅಡಿ. ಇವರು ನನ್ನನ್ನು ಕೇಳದೆ ನಮ್ಮ ಮನೆಯ ಅಳತೆಯನ್ನೇ ಬರೆದುಕೊಟ್ಟರು. ಟಾಕಿ ತುಂಬಿಸಿದ ಮೂರು ತಿಂಗಳಿಗೆ ಬೀಮ್ ನಡುವೆ ಜಗ್ಗಿ ಬಿರುಕು ಬಿಟ್ಟಿತು. ಶಟರ್ ಮೇಲೇಳಲಿಲ್ಲ. ದುಂಡಪ್ಪ ಜನ ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಇವರು ಹತ್ತು ಮಂದಿಯ ಎದುರು ನನ್ನ ಕಡೆ ಕೈ ತೋರಿಸಿದರು.

"ಲೆಕ್ಕಾ ನಂದಲ್ರಿ, ಇಕಿ ಮಾಡಿದ್ದು. ಕಲಿತಾಳಂತ ನಂಬಿದ್ನಿ."

"ಹದಿನಾಕ ಅಡಿಗಿ ಲೆಕ್ಕಾ ಹಾಕಿದ್ದು ನಾ. ಇಪ್ಪತ್ತಡಿಗಿ ನನ್ನ ಯಾರ ಕೇಳೀರಿ?" ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ದುಂಡಪ್ಪನ ಬೀಮಿಗೆ ಕಬ್ಬಿಣದ ಕಂಬ ಆನಿಸಿ ನಿಲ್ಲಿಸಿದ್ದಾರೆ. ಓಣಿಯ ಹೆಂಗಸರು ನನ್ನನ್ನು ಇಂಜಿನಿಯರಬಾಯಿ ಎಂದು ಕರೆದು ನಗುತ್ತಾರೆ. ಇವರು ಮಾತ್ರ ಊಟಕ್ಕೆ ಕೂತಾಗ ಏನೂ ನಡೆದೇ ಇಲ್ಲವೆಂಬಂತೆ ಮತ್ತೊಂದು ರೊಟ್ಟಿ ಕೇಳುತ್ತಾರೆ.

ಹುಕ್ಕೇರಿಯಲ್ಲಿ ಒಬ್ಬ ಇಂಜಿನಿಯರರ ಕಚೇರಿಗೆ ಹೋಗಿ ಕೆಲಸ ಕೇಳಿ ಬಂದೆ. ಸೋಮವಾರದಿಂದ ಬನ್ನಿ ಎಂದಿದ್ದಾರೆ. ಮನೆಯಲ್ಲಿ ಇನ್ನೂ ತಿಳಿಸಿಲ್ಲ. ಹೇಳಿಯೇ ಹೋಗುತ್ತೇನೆ, ಕೇಳಿ ಅಲ್ಲ.

ಅವ್ವನಿಗೆ ಶರಣು. ತಮ್ಮ ಶಿವಪುತ್ರನಿಗೆ ನನ್ನ ಆಶೀರ್ವಾದ, ಅವನ ಪರೀಕ್ಷೆ ಚೆನ್ನಾಗಲಿ. ಬಸವಣ್ಣ ನಿಮ್ಮೆಲ್ಲರನ್ನೂ ಸುಖವಾಗಿಡಲಿ.

ನಿಮ್ಮ ಮಗಳು
ಶೋಭಾ

ತಾ.ಕ.: ಜಗಳದ ಸುದ್ದಿ ಕೇಳಿ ನೀವು ಧುಪದಾಳದಿಂದ ಓಡಿ ಬಂದಾಗ ನನಗೆ ಹೋದ ಜೀವ ಬಂದಂತಾಗಿತ್ತು. ನೀವು ನೆಟ್ಟಗೆ ದುಂಡಪ್ಪನ ಎದುರು ಹೋಗಿ ಕೈ ಮುಗಿದು, "ಹುಡುಗಿ ತಪ್ಪ ಮಾಡ್ಯಾಳ್ರಿ, ಹೊಟ್ಟ್ಯಾಗ ಹಾಕೋರಿ" ಎಂದಿರಿ. ಮೂವತ್ತು ವರ್ಷ ಬೀಮು, ಸ್ಲ್ಯಾಬಿಗೆ ಸೆಂಟ್ರಿಂಗ್ ಹಲಗೆ ಹೊಡೆದವರು ನೀವು. ಬಾಗಿಲು ಎಷ್ಟು ಅಡಿ ಎಂದು ನನ್ನನ್ನು ಒಂದೇ ಒಂದು ಮಾತು ಕೇಳಿದ್ದರೆ ನಿಮಗೆ ಎಲ್ಲ ತಿಳಿಯುತ್ತಿತ್ತು, ಅಪ್ಪಾಜಿ.